ನೀರ ಬಿಟ್ಟು

ಬನಮಾಲಿ, ಗೌರಾಂಗ, ರಂಕನಿಧಿ ಎಂಬ ಮೂವರು ಒಡಿಶಾದ ಕೆಲಸಗಾರರು ಇಳಕಲ್ಲಿನ ಹೊರಗಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಹನ್ನೊಂದು ತಿಂಗಳು ನೀರಿಲ್ಲದೆ ಕಲ್ಲಿನ ಅಂಚು ಉಜ್ಜಿದರು. ಹಾಗೆ ಉಜ್ಜಬೇಕೆಂದು ಅವರ ಫೋನು ಒಡಿಯಾ ಭಾಷೆಯಲ್ಲಿ ಹೇಳಿತ್ತು. ಮಾರ್ಚ್ ತಿಂಗಳಲ್ಲಿ ಬನಮಾಲಿ ಸತ್ತ. ಅವನಿಗೆ ಇಪ್ಪತ್ತಾರು ವರ್ಷ. ಗೌರಾಂಗನನ್ನು ರೈಲು ಹತ್ತಿಸಿ ಊರಿಗೆ ಕಳಿಸಿದರು. ರಂಕನಿಧಿ ಆಮ್ಲಜನಕದ ಸಿಲಿಂಡರಿನ ಜೊತೆ ಇಲ್ಲೇ ಉಳಿದ. ಫೋನು ಹೇಳಿದ ಮಾತು ಗಾಳೆವ್ವ ಎಂಬ ಹೆಂಗಸಿನ ಸ್ವಂತ ವೆಬ್‌ಸೈಟಿನದು ಎಂದು ಕಾರ್ಖಾನೆಯ ವಕೀಲರು ಕಾರ್ಮಿಕ ನ್ಯಾಯಾಲಯಕ್ಕೆ ಬರೆದುಕೊಟ್ಟರು.

ಗಾಳೆವ್ವನಿಗೆ ಈಗ ಐವತ್ತೊಂದು. ಡಿಪ್ಲೊಮಾದಲ್ಲಿ ಕಂಪ್ಯೂಟರ್ ಓದಿದವಳು. ಓದಿಗೆ ತಕ್ಕ ಕೆಲಸ ಕೊಡದ ಊರು ಅವಳನ್ನು ಹದಿನಾಲ್ಕು ವರ್ಷ ಪಾಲಿಶ್ ಲೈನಿನಲ್ಲಿ ನಿಲ್ಲಿಸಿತು. ಅವಳ ಎಡ ಪುಪ್ಪುಸದ ಕೆಳಗಡೆ ಅಂಗೈಯಗಲ ಜಾಗ ಕಲ್ಲಾಗಿದೆ ಎಂದು ಎಕ್ಸ್-ರೇ ಹೇಳುತ್ತದೆ. ಕಲ್ಲಿನ ಕೆಲಸ ಬಿಡಿಸಿದ ವರ್ಷವೇ ಅವಳು ತನ್ನ ವೆಬ್‌ಸೈಟು ಕಟ್ಟಿದಳು. ಕಲ್ಲಿನ ಧೂಳು ಎದೆಗಿಳಿದು ಏನು ಮಾಡುತ್ತದೆ, ಅದು ಇಳಿಯದಂತೆ ಗ್ರೈಂಡರ್ ಹಿಡಿಯುವುದು ಹೇಗೆ, ಧೂಳಿನ ರೋಗಕ್ಕೆ ಟಿಬಿ ಎಂದು ಬರೆಯುವ ಡಾಕ್ಟರನ ಮುಂದೆ ಏನು ಕೇಳಬೇಕು ಎಂಬುದಷ್ಟೇ ಅದರಲ್ಲಿ ಇದ್ದದ್ದು. ಅವಳ ಫೋಟೊ ಇರಲಿಲ್ಲ. ಎಕ್ಸ್-ರೇ ಇತ್ತು.

ಆ ಕಾಲದಲ್ಲಿ ವೆಬ್‌ಸೈಟು ಕಟ್ಟುವವರ ತಲೆನೋವು ಬೇರೆ ಥರ ಇತ್ತು. ಒಂದು ಬ್ರೌಸರಿನಲ್ಲಿ ನೆಟ್ಟಗೆ ನಿಂತ ಪುಟ ಇನ್ನೊಂದರಲ್ಲಿ ಸೊಟ್ಟಗಾಗುತ್ತಿತ್ತು. ಹಳೆಯ ಫೋನಿನಲ್ಲಿ ಒತ್ತಕ್ಷರಗಳು ಒಡೆದು ಸಾಲಿನ ಪಕ್ಕಕ್ಕೆ ಬಂದು ಕೂರುತ್ತಿದ್ದವು. ಉರ್ದು ಸಾಲಿನ ಪೂರ್ಣವಿರಾಮ ಬಾಲದ ಬದಲು ತಲೆಗೆ ಹತ್ತಿಕೊಳ್ಳುತ್ತಿತ್ತು. ಗಾಳೆವ್ವ ಒಂದೊಂದನ್ನೂ ತಿದ್ದಿದಳು. ಕನ್ನಡ ತಾನು ಬರೆದಳು, ಉರ್ದುವನ್ನು ಗೆಳತಿ ದಾವಲಬಿಯ ಕೈಲಿ ಬರೆಸಿದಳು. ದಾವಲಬಿ ಅದೇ ಪಾಲಿಶ್ ಲೈನಿನಲ್ಲಿ ಅವಳ ಎದುರಿಗೆ ನಿಂತವಳು, ಮನೆಯಲ್ಲಿ ದಖನಿ ಮಾತಾಡುವವಳು. ಪುಟ ಎಲ್ಲಿ ಎಷ್ಟು ಸೊಟ್ಟಗೆ ಕಂಡರೂ ಬರೆದದ್ದು ಮಾತ್ರ ಬರೆದಂತೆ ಇರುತ್ತಿತ್ತು.

ಹತ್ತು ವರ್ಷದ ಹಿಂದೆ ಬ್ರೌಸರುಗಳು ಪುಟ ತೋರಿಸುವುದನ್ನು ನಿಲ್ಲಿಸಿದವು. ಪುಟವನ್ನು ತಾವು ಓದಿಕೊಂಡು, ಅರ್ಥ ಮಾಡಿಕೊಂಡು, ಓದುವವನ ಭಾಷೆಯಲ್ಲಿ, ಅವನ ವಿದ್ಯೆಗೆ ತಕ್ಕಷ್ಟು ಉದ್ದದಲ್ಲಿ ಮತ್ತೆ ಹೇಳತೊಡಗಿದವು. ಇದಕ್ಕೆ ಮರುಹೇಳಿಕೆ ಎಂದು ಹೆಸರಿಟ್ಟರು. ಜಗತ್ತಿನಲ್ಲಿ ಉಳಿದದ್ದು ಮೂರು ಬ್ರೌಸರು. ಮೂರೂ ಇದನ್ನೇ ಮಾಡಿದವು. ಸುಳ್ಳು ಹೇಳಬಾರದು, ಜನ ಖುಷಿಪಟ್ಟರು. ಮರಾಠಿ ಬಾರದವನು ಮರಾಠಿ ಪುಟ ಓದಿದ. ಅಕ್ಷರ ಬಾರದವಳು ಕಿವಿಯಿಂದ ಓದಿದಳು. ಬರೆದವರ ಮೂಲ ಪುಟಕ್ಕೆ ‘ಹಸಿಪುಟ’ ಎಂದು ಹೆಸರು ಬಿತ್ತು, ಬೇಯಿಸದೆ ತಿಂದರೆ ಹೊಟ್ಟೆನೋವು ಬರುವ ಪದಾರ್ಥಕ್ಕೆ ಇಡುವಂಥ ಹೆಸರು. ಹಸಿಪುಟ ನೋಡಬೇಕಾದರೆ ಮರುಹೇಳಿಕೆಗಳನ್ನು ನೋಡಿಕೊಳ್ಳುವ ಹುಬ್ಬಳ್ಳಿಯ ಹೊಂದಾಣಿಕೆ ಕೇಂದ್ರಕ್ಕೆ ಅರ್ಜಿ ಹಾಕಬೇಕು. ತನ್ನ ಪುಟವನ್ನು ತಾನು ನೋಡಲಿಕ್ಕೂ ಅರ್ಜಿ. ಯಾರೂ ಹಾಕಲಿಲ್ಲ. ಅಡಿಗೆಯವನು ಒಳ್ಳೆಯವನೆಂದು ನಂಬಿದ ಮೇಲೆ ಅಕ್ಕಿಯ ಚೀಲ ಬಿಚ್ಚಿ ನೋಡುವವರು ಯಾರು?

ಗಾಳೆವ್ವ ಮಾತ್ರ ನಂಬಲಿಲ್ಲ. ಅವಳಿಗೊಂದು ಉಪಾಯ ಗೊತ್ತಿತ್ತು. ಊರ ಗ್ರಂಥಾಲಯದ ಓದುಕೂಟ ಕಾರ್ಖಾನೆಗಳಿಗೆ ಕರೆಂಟ್ ರಜೆ ಇರುವ ಸೋಮವಾರ ಮಧ್ಯಾಹ್ನ ಸೇರುತ್ತಿತ್ತು. ಪುಟದಲ್ಲಿ ಒಂದು ಸಾಲು ಬದಲಾಯಿಸಿದರೂ ಅವಳು ಅಲ್ಲಿಗೆ ಹೋಗಿ ಎಲ್ಲರ ಫೋನು ತೆಗೆಸುತ್ತಿದ್ದಳು. ಒಬ್ಬೊಬ್ಬರೂ ತಂತಮ್ಮ ಬ್ರೌಸರು ತಂತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಗಟ್ಟಿಯಾಗಿ ಓದಬೇಕು. ಒಂದು ಪುಟ, ಹನ್ನೆರಡು ಬಾಯಿ. ಎಲ್ಲಿ ಮಾತು ತಪ್ಪಿತೋ ಅಲ್ಲಿ ಕೈಯೆತ್ತಬೇಕು. ಧೂಳಿನ ರೋಗ ಎಂದದ್ದು ಒಂದು ಬ್ರೌಸರಿನಲ್ಲಿ ‘ಉಸಿರಾಟದ ಅಸೌಕರ್ಯ’ ಆಗಿತ್ತು, ಹಿಡಿದು ತಿದ್ದಿದರು. ಮಾಲೀಕ ಎಂದದ್ದು ‘ಉದ್ಯೋಗದಾತ’ ಆಗಿತ್ತು. ದಾತ ಎಲ್ಲಿಂದ ಬಂದ ಎಂದು ನಕ್ಕು ಅದನ್ನೂ ತಿದ್ದಿದರು.

ಆದರೆ ಒಂದು ಸಾಲಿಗೆ ಯಾರೂ ಯಾವತ್ತೂ ಕೈಯೆತ್ತಲಿಲ್ಲ. ಆ ಸಾಲು ಇದು: ‘ಅಂಚು ಹೊಡಿಯುವಾಗ ನೀರು ಬಿಟ್ಟು ಗ್ರೈಂಡರ್ ಹಿಡೀರಿ.’

ಕನ್ನಡದಲ್ಲಿ ನೀರು ಬಿಟ್ಟು. ದಾವಲಬಿಯ ಬಾಯಲ್ಲಿ ಪಾನಿ ಛೋಡ್ಕೆ. ತೆಲುಗಿನವರು ನೀಳ್ಳು ವದಿಲಿ ಎಂದು ಓದಿದರು, ಮರಾಠಿಯವಳು ಪಾಣಿ ಸೋಡೂನ್ ಎಂದಳು. ನಾಲ್ಕೂ ಭಾಷೆಯವರು ತಲೆಯಾಡಿಸಿದರು. ಈ ನಾಡಿನಲ್ಲಿ ನೀರು ಬಿಟ್ಟರೆ ಬರುತ್ತದೆ, ಬಿಡದಿದ್ದರೆ ಬರುವುದಿಲ್ಲ. ಪೈಪಿನಲ್ಲಿ ನೀರು ಬಿಟ್ಟುಕೊಂಡು ಉಜ್ಜಿದರೆ ಧೂಳು ಏಳುವುದಿಲ್ಲ, ರಾಡಿಯಾಗಿ ಕೆಳಗೆ ಹರಿಯುತ್ತದೆ. ಇದರಲ್ಲಿ ತಿಳಿಯದ್ದೇನಿದೆ? ಬಿಡುವುದು ಎಂದರೆ ತ್ಯಜಿಸುವುದು ಎಂದೂ ಆಗುತ್ತದೆ ಎಂಬುದು ಅಲ್ಲಿ ಕೂತಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನಾಲ್ಕೂ ಭಾಷೆಗಳು ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ಬೆಳೆದಂಥವು.

ಬನಮಾಲಿ ಸತ್ತ ಹದಿನೈದು ದಿನಕ್ಕೆ ದಾವಲಬಿ ರಂಕನಿಧಿಯನ್ನು ಓದುಕೂಟಕ್ಕೆ ಕರೆತಂದಳು. ಅವಳ ಓಣಿಯಲ್ಲೇ ಅವನ ಬಾಡಿಗೆ ಖೋಲಿ. ಮೆಟ್ಟಿಲು ಹತ್ತಲು ಅವನಿಗೆ ಕಾಲು ಗಂಟೆ ಹಿಡಿಯಿತು. ಅವನು ಗಾಳೆವ್ವನಿಗೆ ಕೈಮುಗಿದ, ನಿಮ್ಮ ಪುಟ ನಾವು ದಿನಾ ಓದುತ್ತಿದ್ದೆವು, ಹೇಳಿದ ಹಾಗೇ ಮಾಡಿದೆವು, ಆದರೂ ಹೀಗಾಯಿತು ಎಂದು ಮುರುಕು ಹಿಂದಿಯಲ್ಲಿ ಹೇಳಿದ. ಆ ಮಾತಿನಲ್ಲಿ ದೂರು ಇರಲಿಲ್ಲ. ಗಾಳೆವ್ವ ಅವನ ಫೋನು ತೆಗೆಸಿ, ಓದಪ್ಪಾ ಎಂದಳು.

ಅವನು ಒಡಿಯಾದಲ್ಲಿ ಓದಿದ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಉಸಿರು ಹಿಡಿಯಲು ನಾಲ್ಕು ಕಡೆ ನಿಂತ. ಗಾಳೆವ್ವ ಕಿಟಕಿಯ ಕಡೆ ನೋಡುತ್ತ ಕೇಳುತ್ತಿದ್ದಳು. ದಾವಲಬಿ ಥಟ್ಟನೆ ಅವನ ಮೊಣಕೈ ಹಿಡಿದಳು.

“ತಡಿ ಭಯ್ಯಾ. ಈಗೇನಂದಿ? ಅದನ್ನ ಇನ್ನೊಮ್ಮೆ ಅನ್ನು.”

“ಬಿನಾ ಪಾಣಿರೆ,” ಎಂದ ಅವನು.

ದಾವಲಬಿ ಗಾಳೆವ್ವನ ಕಡೆ ತಿರುಗಿದಳು. “ಯವ್ವಾ, ಬಿನಾ ಪಾನಿ ಅಂತ ಐತಿ. ನೀರ ಇಲ್ದ ಹಿಡೀರಿ ಅಂತ ಐತಿ.”

ಪುಟದಲ್ಲಿ ಗಾಳೆವ್ವ ಬರೆದಿದ್ದ ಒಂದು ಚಿತ್ರವೂ ಇತ್ತು. ಓದು ಬಾರದವರಿಗೆಂದು ಅವಳೇ ಕಂಪ್ಯೂಟರಿನಲ್ಲಿ ಗೀಚಿದ್ದು: ಕೆಂಪು ಗ್ರೈಂಡರು, ಅದಕ್ಕೆ ಕಟ್ಟಿದ ಪೈಪು, ಏಳು ನೀಲಿ ಹನಿ. ಕಣ್ಣು ಕಾಣದವರ ಫೋನು ಓದಿ ಹೇಳಲೆಂದು ಚಿತ್ರದ ಹಿಂದೆ ‘ನೀರು ಬಿಟ್ಟ ಗ್ರೈಂಡರ್’ ಎಂದು ಬರೆದಿದ್ದಳು. ರಂಕನಿಧಿಯ ಫೋನಿನಲ್ಲಿ ಆ ಚಿತ್ರ ಇರಲಿಲ್ಲ. ಬ್ರೌಸರು ಅವಳ ಗೀಚುಗೆರೆಗಳನ್ನು ತೆಗೆದುಹಾಕಿ, ಹಿಂದಿನ ಬರಹವನ್ನು ತನಗೆ ತಿಳಿದ ಹಾಗೆ ಓದಿಕೊಂಡು, ಹೊಸ ಚಿತ್ರ ಬರೆದಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ತರುಣ ಒಣ ಗ್ರೈಂಡರು ಹಿಡಿದು ನಗುತ್ತಿದ್ದ.

ಗಾಳೆವ್ವ ಆ ಸಂಜೆಯೇ ಸಾಲು ತಿದ್ದಿದಳು. ‘ನೀರು ಬಿಟ್ಟು’ ಹೋಯಿತು, ‘ಪೈಪಿನಿಂದ ನೀರು ಹರಿಸುತ್ತಾ’ ಬಂತು. ಮೂರೂ ಬ್ರೌಸರುಗಳು ಹೊಸ ಸಾಲನ್ನು ತೆಗೆದುಕೊಳ್ಳಲಿಲ್ಲ. ಪುಟ ವ್ಯಾಜ್ಯದಲ್ಲಿದೆ, ಕೇಂದ್ರದ ಮುದ್ರೆ ಬೀಳುವವರೆಗೆ ಹಳೆಯ ಮರುಹೇಳಿಕೆಯೇ ಮುಂದುವರಿಯುತ್ತದೆ ಎಂದು ಉತ್ತರ ಬಂತು. ಜೀವ ತೆಗೆದ ಸಾಲು ಹೀಗೆ ಕಾನೂನಿನ ರಕ್ಷಣೆಯಲ್ಲಿ ಊರೂರು ತಿರುಗುತ್ತಲೇ ಇತ್ತು.

ಅವಳು ಮನೆಗೆ ಹೋಗಿ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಅನ್ನ ಮಾಡಿ, ಆರಿಸಿ, ಅದರಲ್ಲಿ ನೀರು ಹಾಕಿಕೊಂಡು ರಂಕನಿಧಿಯ ಖೋಲಿಗೆ ಹೋದಳು. ಬಿಸಿ ಅನ್ನ ಅವನಿಗೆ ಸೇರುತ್ತಿರಲಿಲ್ಲ. ಉಣ್ಣುತ್ತ ಅವನು ಉಳಿದದ್ದು ಹೇಳಿದ. ಸೇರಿದ ಹೊಸತರಲ್ಲಿ ಗ್ರೈಂಡರಿಗೆ ಪೈಪು ಇತ್ತು. ಬೇಸಿಗೆಯಲ್ಲಿ ಬೋರು ಸೊರಗಿದಾಗ ಮಾಲೀಕರು ಪೈಪು ಕಳಚಿಸಿದರು. ಬಾಯಲ್ಲೆಲ್ಲ ಕಲ್ಲಿನ ಪುಡಿ ಎಂದು ಇವರು ಮೂವರೂ ಕೇಳಲು ಹೋದರೆ ಮ್ಯಾನೇಜರು ಬೈಯಲಿಲ್ಲ. ನಿಮ್ಮ ಫೋನು ತೆಗೀರಿ, ಗಾಳೆವ್ವನ ಪುಟ ನೋಡಿ, ನಿಮ್ಮ ಪರವಾಗಿ ಬಡಿದಾಡುವ ಹೆಂಗಸೇ ಏನು ಬರೆದಿದ್ದಾಳೆ ಓದಿ ಎಂದ. ಓದಿದರು. ಸುಮ್ಮನೆ ಹೋಗಿ ಗ್ರೈಂಡರು ಹಿಡಿದರು.

ಅಂದರೆ ಮಾಲೀಕರಿಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಕಲ್ಲು ಮಾರಿ ಬದುಕಿದ ಮನುಷ್ಯನಿಗೆ ಒಣ ಕಲ್ಲು ಉಜ್ಜಿದರೆ ಏನಾಗುತ್ತದೆಂದು ಬ್ರೌಸರು ಹೇಳಿಕೊಡಬೇಕಾಗಿರಲಿಲ್ಲ. ಯಂತ್ರ ತಪ್ಪಿತು, ಅವನು ಆ ತಪ್ಪನ್ನು ನೋಡಿದ, ಅದರ ಬೆಲೆ ತಿಳಿದ, ಅದನ್ನು ಗೋಡೆಯ ಹಾಗೆ ಎಬ್ಬಿಸಿಕೊಂಡು ಹಿಂದೆ ನಿಂತ. ಈಗ ನ್ಯಾಯಾಲಯದಲ್ಲಿ, ನಾನು ಆ ತಾಯಿಯ ಪುಟವನ್ನು ನಂಬಿ ಕೆಟ್ಟೆ ಎಂದು ಹೇಳಿಸುತ್ತಿದ್ದ.

ಬರೆದವಳು ನಾನೇ ಅಲ್ಲವೇ ಎಂದು ಗಾಳೆವ್ವ ಕೇಳಿದಳು. ಆ ಪ್ರಶ್ನೆ ಕೇಳಲೆಂದೇ ಅವಳು ಅಲ್ಲಿಗೆ ಹೋಗಿದ್ದು. ರಂಕನಿಧಿ ಮೂಗಿನ ಕೊಳವೆ ಸರಿಮಾಡಿಕೊಂಡ. ಕಾರ್ಖಾನೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದ: “ಅವ್ವಾ, ನಿಂದು ನಾನು ಓದೇ ಇಲ್ಲ. ಓದಿಸಿಲ್ಲ ಅವರು.”

ಮರುದಿನದಿಂದ ಗಾಳೆವ್ವ, ದಾವಲಬಿ, ಓದುಕೂಟದ ಇನ್ನೂ ನಾಲ್ಕು ಮಂದಿ ಮುಂಜಾನೆ ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಗಳ ಗೇಟಿಗೆ ಹೋಗಿ ನಿಂತರು. ಬಂದವರಿಗೆಲ್ಲ ಬಾಯಿಂದ ಹೇಳಿದರು. ಒಡಿಯಾ ಹುಡುಗರಿಗೆ ರಂಕನಿಧಿ ಕುರ್ಚಿಯಲ್ಲಿ ಕೂತು ಹೇಳಿದ. ಮಾತಿನ ಅರ್ಧ ಕೆಲಸವನ್ನು ಅವನ ಸಿಲಿಂಡರೇ ಮಾಡಿತು. ಎರಡು ಕಡೆ ಪೈಪು ಮರಳಿ ಬಂತು. ಒಂದು ಕಡೆ ವಾಚ್‌ಮನ್ ಬಂದ, ಕೋಲು ಹಿಡಿದುಕೊಂಡು. ಆದರೆ ಕಲ್ಲಿನ ಕೆಲಸ ಇಳಕಲ್ಲಿನಲ್ಲಷ್ಟೇ ಇಲ್ಲ. ಕುಷ್ಟಗಿಯಲ್ಲಿದೆ, ಕನಕಪುರದಲ್ಲಿದೆ, ಆಂಧ್ರದಲ್ಲಿ, ರಾಜಸ್ಥಾನದಲ್ಲಿದೆ. ಅಲ್ಲೆಲ್ಲ ಆರು ಮಂದಿ ಹೋಗಿ ನಿಲ್ಲಲಾಗುವುದಿಲ್ಲ. ಪುಟ ಹೋಗಬಲ್ಲದು.

ಜೂನಿನಲ್ಲಿ ಹೊಂದಾಣಿಕೆ ಕೇಂದ್ರದಿಂದ ಪತ್ರ ಬಂತು. ಹಸಿಪುಟದ ಪರಿಶೀಲನೆಗೆ ಖುದ್ದು ಹಾಜರಾಗಿ ಎಂದಿತ್ತು.

ಹುಬ್ಬಳ್ಳಿಯ ಕೇಂದ್ರದಲ್ಲಿ ತಂಪು ಗಾಳಿ ಬೀಸುವ ದೊಡ್ಡ ಕೋಣೆ. ಗೋಡೆಯ ತುಂಬ ಪರದೆಗಳು. ಒಂದೇ ಪುಟ ಮೂರು ಬ್ರೌಸರಿನಲ್ಲಿ, ನಲವತ್ತು ಭಾಷೆಗಳಲ್ಲಿ ಹೇಗೆ ಹೇಳಲ್ಪಡುತ್ತಿದೆ ಎಂದು ಅಲ್ಲಿ ಕಾಣುತ್ತಿತ್ತು. ಸಾಲುಗಳು ಹಸಿರು, ಹಳದಿ, ಕೆಂಪು. ಅಧಿಕಾರಿಯ ಹೆಸರು ಕೌಜಲಗಿ. ಮರ್ಯಾದೆಯ ಮನುಷ್ಯ, ಗಾಳೆವ್ವ, ದಾವಲಬಿ ಇಬ್ಬರಿಗೂ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಯಂತ್ರ ನೋಡಿಕೊಳ್ಳುವ ಶೈಲಶ್ರೀ ಎಂಬ ಹುಡುಗಿಗೆ ಹಸಿಪುಟ ತೆರೆಯಲು ಹೇಳಿದ.

ಹತ್ತು ವರ್ಷದ ಮೇಲೆ ಗಾಳೆವ್ವ ತನ್ನ ಪುಟ ನೋಡಿದಳು. ಎಡಗಡೆ ಕನ್ನಡ, ಬಲಗಡೆ ದಾವಲಬಿಯ ಉರ್ದು, ನಡುವೆ ಕೆಂಪು ಗ್ರೈಂಡರು, ಏಳು ನೀಲಿ ಹನಿ. ಎಷ್ಟು ಬಡವಾಗಿ ಕಾಣುತ್ತಿತ್ತು ಅದು ಆ ಗೋಡೆಯ ಮೇಲೆ. ದಾವಲಬಿ, ನನ್ನ ಅಕ್ಷರ ಆಗ ಚಂದ ಇತ್ತಲ್ಲ ಎಂದಳು. ಕಂಪ್ಯೂಟರಿನ ಅಕ್ಷರಕ್ಕೆ ಯಾರದೇನು ಎಂದು ಗಾಳೆವ್ವ ನಗಲಿಲ್ಲ.

ಶೈಲಶ್ರೀ ಯಂತ್ರದ ಒಳಗನ್ನು ತೋರಿಸಿದಳು. ‘ಬಿಟ್ಟು’ ಎಂಬ ಪದವನ್ನು ಅದು ಕೋಟ್ಯಂತರ ಬರಹಗಳಲ್ಲಿ ಹುಡುಕಿತ್ತು. ಸಿಗರೇಟು ಬಿಟ್ಟು, ಕುಡಿತ ಬಿಟ್ಟು, ಸಕ್ಕರೆ ಬಿಟ್ಟು. ಆರೋಗ್ಯದ ಬರಹವೆಂದರೆ ಏನನ್ನಾದರೂ ಬಿಡಲು ಹೇಳುವ ಬರಹ. ಮುಂದಿನ ಸಾಲಿನಲ್ಲಿ ಗಾಳೆವ್ವ, ಹಸಿ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಎಂದಿದ್ದಳು. ಹಾಗಾದರೆ ಈ ಹೆಂಗಸು ನೀರಿನ ವಿರುದ್ಧ ಇದ್ದಾಳೆ. ಒಂದು ಸಂಶಯ ಉಳಿದಿತ್ತು, ಅದನ್ನು ಉರ್ದು ಪುಟ ನೋಡಿ ಬಗೆಹರಿಸಿಕೊಂಡಿತು. ಅಲ್ಲೂ ಛೋಡ್ಕೆ. ಎರಡು ಸಾಕ್ಷಿ. ನೂರಕ್ಕೆ ತೊಂಬತ್ತೇಳು ಖಾತ್ರಿ ಎಂದು ಬರೆದುಕೊಂಡು ಒಡಿಯಾದಲ್ಲಿ ಬಿನಾ ಪಾಣಿರೆ ಎಂದಿತು.

“ತೊಂಬತ್ತೇಳು ಅಂದ್ರ ಯಾರನ್ನ ಕೇಳೇತ್ರಿ ಅದು?” ಎಂದಳು ಗಾಳೆವ್ವ. “ನಮ್ಮೂರಾಗ ನೀರ ಬಿಟ್ಟಾರ ಅಂದ್ರ ಹೆಂಗಸ್ರು ಕೊಡ ತಗೊಂಡು ಓಡ್ತಾರ. ನೀರ ಬಿಟ್ಟು ಯಾರೂ ಸನ್ಯಾಸಿ ಆಗಾಂಗಿಲ್ಲ. ಒಂದ ದಿನ ನಳದ ಮುಂದ ಪಾಳಿ ಹಚ್ಚಿದ್ರ ತಿಳೀತಿತ್ತು ಅದಕ್ಕ.”

ಶೈಲಶ್ರೀಗೆ ನಗು ಬಂತು, ಅಧಿಕಾರಿಯ ಮುಖ ನೋಡಿ ನುಂಗಿಕೊಂಡಳು. ಕೌಜಲಗಿ ಕೋಪಿಸಿಕೊಳ್ಳಲಿಲ್ಲ. “ತಪ್ಪು ನಿಮ್ಮದೂ ಅಲ್ಲ, ಬ್ರೌಸರ್ ಕಂಪನಿದೂ ಅಲ್ಲ ತಾಯಿ,” ಎಂದ. “ಭಾಷಾದ್ದು.”

ಭಾಷೆಯದು. ಎಷ್ಟು ಅನುಕೂಲದ ಅಪರಾಧಿ. ಕಟಕಟೆಗೆ ಹತ್ತಿಸಲು ಬರುವುದಿಲ್ಲ, ಪರಿಹಾರ ಕೇಳಲು ಬರುವುದಿಲ್ಲ. ಬಡವರು ಆಡುವ ಭಾಷೆಯಾದರಂತೂ ಸಾಕ್ಷಿ ಹೇಳಲಿಕ್ಕೂ ಅದನ್ನು ಕರೆಯುವುದಿಲ್ಲ. ಇನ್ನೊಬ್ಬ ನಿಂತು ಅದರ ಪರವಾಗಿ ಹೇಳುತ್ತಾನೆ, ಅದು ಏನನ್ನೋ ಹೇಳಲು ಹೊರಟಿತ್ತು ಸ್ವಾಮೀ, ಹೇಳಲು ಬರಲಿಲ್ಲ ಎಂದು. ಬನಮಾಲಿಯ ಎದೆಯನ್ನು ವ್ಯಾಕರಣ ತುಂಬಿತ್ತೇ? ಕಲ್ಲಿನ ಪುಡಿ ತುಂಬಿತ್ತು. ಪೈಪನ್ನು ಭಾಷೆ ಕಳಚಲಿಲ್ಲ, ಸ್ಪ್ಯಾನರು ಹಿಡಿದ ಒಂದು ಕೈ ಕಳಚಿತು.

ಕೌಜಲಗಿ ಒಂದು ಟ್ಯಾಬ್ಲೆಟ್ ಮುಂದಿಟ್ಟ. ಒಪ್ಪಿಗೆಪತ್ರ. ಇದಕ್ಕೆ ಬೆರಳು ಒತ್ತಿದರೆ ಈಗಿಂದೀಗಲೇ ಮುದ್ರೆ ಬೀಳುತ್ತದೆ, ತಿದ್ದಿದ ಸಾಲು ಮೂರೂ ಬ್ರೌಸರಿನಲ್ಲಿ, ನಲವತ್ತೂ ಭಾಷೆಯಲ್ಲಿ ಇವತ್ತೇ ಹೋಗುತ್ತದೆ, ನೀಲಿ ಹನಿಗಳ ಚಿತ್ರವೂ ಹೋಗುತ್ತದೆ ಎಂದ. ಒತ್ತದಿದ್ದರೆ ಐದು ಗಂಟೆಗೆ ಪುಟವನ್ನು ಅಪಾಯಕಾರಿ ಎಂದು ತೆಗೆದುಹಾಕುತ್ತಾರೆ. ಆಮೇಲೆ ಅದನ್ನು ಯಾವ ಬ್ರೌಸರೂ ಹೇಳುವುದಿಲ್ಲ. ಅದು ನಿಯಮ, ತನ್ನ ಕೈಯಲ್ಲಿಲ್ಲ. ಪತ್ರ ಎಲ್ಲಿಗೆ ಹೋಗುತ್ತದೆ ಎಂದು ಗಾಳೆವ್ವ ಕೇಳಿದಳು. ಒಂದು ಪ್ರತಿ ನ್ಯಾಯಾಲಯಕ್ಕೆ ಎಂದು ಅವನು ಮೆಲ್ಲಗೆ ಹೇಳಿದ.

ಗೋಡೆಯ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ದಾವಲಬಿ ಗೆಳತಿಯ ಕಿವಿಯಲ್ಲಿ, ಒತ್ತಿಬಿಡು ನಮ್ಮವ್ವಾ ಎಂದಳು. ಸತ್ತವನು ಬರುವುದಿಲ್ಲ, ರಾಜಸ್ಥಾನದಲ್ಲಿ ಇವತ್ತು ಒಣ ಗ್ರೈಂಡರು ಹಿಡಿದಿರುವ ಹುಡುಗರ ಜೀವವಾದರೂ ಉಳಿಯಲಿ, ನಿನ್ನ ಹೆಸರು ಕೆಟ್ಟರೆ ಏನು, ನಮ್ಮಂಥವರಿಗೆ ಹೆಸರು ಎಲ್ಲಿತ್ತು? ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಗಾಳೆವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅವಳಿಗೆ ಮನಸ್ಸಿತ್ತು. ತಾನು ಬರೆದ ಒಂದು ಪದದ ಭಾರ ಮೂರು ತಿಂಗಳಿಂದ ಎದೆಯ ಮೇಲಿತ್ತು. ಅರ್ಧ ತಪ್ಪು ಒಪ್ಪಿಕೊಂಡರೆ ಅರ್ಧ ಭಾರವಾದರೂ ಇಳಿದೀತು ಎಂದು ಬರುವ ದಾರಿಯ ಉದ್ದಕ್ಕೂ ಯೋಚಿಸಿದ್ದಳು.

“ಓದಿಸ್ರಿ,” ಎಂದಳು. “ಗಟ್ಟಿಯಾಗಿ ಓದಿಸ್ರಿ. ಕೇಳಿ ಒತ್ತತೀನಿ.”

ಕೌಜಲಗಿ ಶೈಲಶ್ರೀಗೆ ಸನ್ನೆ ಮಾಡಿದ. ಅವಳು ಓದಿದಳು. ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಜಾಲತಾಣದ ಲೇಖಕಿಯು, ಪ್ರಾದೇಶಿಕ ಬಳಕೆಯ ಕಾರಣದಿಂದ, ನೀರು ಬಿಟ್ಟು ಕೆಲಸ ಮಾಡುವಂತೆ ಕಾರ್ಮಿಕರಿಗೆ ತಾನು ಸೂಚಿಸಿದ್ದು ನಿಜವೆಂದು ಒಪ್ಪಿಕೊಳ್ಳುತ್ತಾರೆ.

“ಅಲ್ಲೇ ತಡಿ ತಂಗಿ,” ಎಂದಳು ಗಾಳೆವ್ವ. “ಈ ‘ಬಿಟ್ಟು’ ನಂದೋ, ಇವರದೋ?”

ಶೈಲಶ್ರೀ ಪರದೆ ನೋಡಿದಳು.

“ಎರಡೂ ಒಂದ ಅಲ್ಲೇನ್ರಿ ತಾಯಿ,” ಎಂದ ಕೌಜಲಗಿ.

“ಒಂದ ಆಗಿದ್ರ ಬನಮಾಲಿ ಇರ್ತಿದ್ದ.”

ಗಾಳೆವ್ವ ಮುಂದುವರಿದು, ಅಲ್ಲಿ ಪೈಪಿನಿಂದ ನೀರು ಹರಿಸಲು ಹೇಳಿದ್ದು ನಿಜ ಎಂದು ಬರೆಯಿರಿ, ಈಗಲೇ ಹತ್ತೂ ಬೆರಳು ಒತ್ತುತ್ತೇನೆ ಎಂದಳು. ಕೌಜಲಗಿ ತಲೆ ಅಲ್ಲಾಡಿಸಿದ. ಒಪ್ಪಿಗೆಪತ್ರದ ಒಕ್ಕಣೆ ಕೇಂದ್ರದ ಸಮಿತಿ ಗೊತ್ತುಮಾಡಿದ್ದು, ಅದರಲ್ಲಿ ಒಂದಕ್ಷರ ಬದಲಾಯಿಸುವ ಅಧಿಕಾರ ಯಾರಿಗೂ ಇಲ್ಲ. ಅವಳ ಪುಟವನ್ನು ನಲವತ್ತು ಭಾಷೆಗಳಲ್ಲಿ ತಮ್ಮಿಷ್ಟದಂತೆ ಬದಲಾಯಿಸಿದವರ ಮನೆಯಲ್ಲಿ ಬದಲಾಗದ ಒಂದು ವಾಕ್ಯ ಇತ್ತು, ಅದು ಇದು. ಅವನ ದನಿಯಲ್ಲಿದ್ದ ಮರ್ಯಾದೆ ಈಗ ತೆಳುವಾಗಿತ್ತು.

“ಐದಕ್ಕ ಹತ್ತು ನಿಮಿಷ ಐತಿ. ಬೆರಳು ಒತ್ತರಿ. ನಿಮ್ಮ ಮಂದಿ ಸಲುವಾಗಿ ಆದ್ರೂ ಒತ್ತರಿ.”

ದಾವಲಬಿ ಈಗ ಕೈಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಗಾಳೆವ್ವ ಟ್ಯಾಬ್ಲೆಟನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು. “ಪುಟ ತಗಿತೀರಿ, ತಗೀರಿ. ಇನ್ನೊಂದು ಕಟ್ಟತೀನಿ, ಅದನ್ನೂ ತಗೀರಿ. ನಾಳೆ ಮುಂಜಾನಿ ಕುಷ್ಟಗಿ ಗೇಟಿಗೆ ಹೋಗಿ ನಿಂದರತೀನಿ, ನಾಡದ ಮತ್ತೊಂದು ಊರು. ಎಷ್ಟು ಊರು ಆಗ್ತಾವೋ ಅಷ್ಟು. ಆದ್ರ ಆ ಹುಡುಗನ್ನ ಕೊಂದ ಮಾತು ನಂದು ಅಂತ ನನ್ನ ಬೆರಳಿಂದ ಬರಸ್ಕೊಳ್ಳಾಕ ಬಂದೀರಿ ನೋಡ್ರಿ, ಅದು ಆಗಾಂಗಿಲ್ಲ.”

“ಒತ್ತರಿ ಅಂದೆ,” ಎಂದ ಕೌಜಲಗಿ.

“ಒಲ್ಲೆ,” ಎಂದಳು ಗಾಳೆವ್ವ.